ಬೋಣಿ ಕೈ

“ದೂರ ನಿಲ್ಲ ಬೋಸಡಿ. ಆ ಕೈ ತಗೊಂಡ ನನ್ನ ಹೊಸಾ ತಕ್ಕಡಿ ಹತ್ರ ಬಂದೀ ಅಂದ್ರ ಕಾಲ ಮುರದ ಗಟಾರಕ್ಕ ಒಗೀತೇನಿ.”

ಶಿವಯೋಗೀಶ ಸಾವಕಾರ ಹೀಗೆ ಬೈದದ್ದು ತನ್ನ ಗುಜರಿ ಅಂಗಡಿಯ ಬಾಗಿಲಲ್ಲಿ, ಬೆಳಗಿನ ಚಹಾ ಹೀರುತ್ತ ನಿಂತ ಮಂದಿಯ ಎದುರಿಗೆ. ಬೈಸಿಕೊಂಡವಳು ಹುಲಿಗೆವ್ವ. ಬಲಗೈಯನ್ನು ಹಳೆಯ ಧೋತರದ ಅರಿವೆಯಲ್ಲಿ ಸುತ್ತಿ, ಹಸುಗೂಸನ್ನು ಹಿಡಿದಂತೆ ಎದೆಗವಚಿಕೊಂಡಿದ್ದಳು. ಅವಳು ಏನನ್ನೂ ಮುಟ್ಟಲು ಬಂದಿರಲಿಲ್ಲ. ದವಾಖಾನೆಯವರು ಕೇಳಿದ ವಿಮೆಯ ಕಾಗದಕ್ಕೆ ಸಾವಕಾರನ ಸಹಿ ಬೇಕಿತ್ತು, ಅಷ್ಟೇ. ಸಾವಕಾರ ಸಹಿ ಮಾಡಿ, ಕಾಗದವನ್ನು ಒಂದು ಉದ್ದನೆಯ ಕಬ್ಬಿಣದ ಸಳಿಯ ತುದಿಗೆ ಚುಚ್ಚಿ ಅವಳತ್ತ ಚಾಚಿದ. ಬೆಂಕಿಯಲ್ಲಿ ಬದನೆಕಾಯಿ ಸುಡುವವರು ಹಾಗೆ ಹಿಡಿಯುತ್ತಾರೆ.

ಇದೇ ಬಾಯಿ ಒಂದು ಕಾಲಕ್ಕೆ ಇದೇ ಕೈಯನ್ನು ಲಕ್ಷ್ಮೀ ಎನ್ನುತ್ತಿತ್ತು. ಒಂದು ಕಾಲ ಅಂದರೆ ಸತ್ಯಯುಗವೇನಲ್ಲ, ಹೋದ ಯುಗಾದಿಯ ಮಾತು. ಹುಬ್ಬಳ್ಳಿಯ ಗುಜರಿ ಓಣಿಯಲ್ಲಿ ಒಂದು ನಂಬಿಕೆ ಉಂಟು. ದಿನದ ಮೊದಲ ತೂಕಕ್ಕೆ ಒಳ್ಳೆಯ ಕೈಗುಣದವರ ಕೈ ಬೀಳಬೇಕು; ಹೊಸ ಮಾಲು ಬಂದರೆ ಅದಕ್ಕೆ ಬೀಳುವ ಮೊದಲ ಸುತ್ತಿಗೆಯ ಪೆಟ್ಟೂ ಅವರದೇ ಆಗಬೇಕು. ಅದೇ ಬೋಣಿ. ಹುಲಿಗೆವ್ವನ ಕೈ ಬೋಣಿಗೆ ಹೆಸರಾಗಿತ್ತು. ಅವಳು ಮುಟ್ಟಿದ ದಿನ ತುಕ್ಕು ಹಿಡಿದ ಡಬ್ಬಿಯೊಳಗೂ ತಾಮ್ರ ಸಿಗುತ್ತದೆ ಎಂದು ಜನ ಹೇಳುತ್ತಿದ್ದರು. ಸಾವಕಾರನ ಮನೆಯ ಹಿತ್ತಲಲ್ಲಿ ಅವಳ ಬೊಗಸೆಗೆ ನೀರನ್ನು ಮೇಲಿನಿಂದ, ಮೊಳ ಅಂತರದಿಂದ ಹೊಯ್ಯುತ್ತಿದ್ದರು. ಅಂಗಡಿಯಲ್ಲಿ ಮಾತ್ರ ಅದೇ ಕೈ ತಕ್ಕಡಿಯ ಮೇಲೆ ಬೀಳುವವರೆಗೆ ಊದಿನಕಡ್ಡಿ ಹಚ್ಚುತ್ತಿರಲಿಲ್ಲ. ಮೈಲಿಗೆ ಮನೆಗೆ ಉಂಟು, ಗಲ್ಲಾಪೆಟ್ಟಿಗೆಗೆ ಇಲ್ಲ.

ಆ ಮಾಲು ಬಂದದ್ದು ಒಂದು ಮಂಗಳವಾರ. ಎಲ್ಲಿಯದೋ ಹರಾಜಿನ ಲಾರಿ. ಮುರಿದ ಮಂಚ, ಸುಟ್ಟ ಮೋಟರು, ಬಾಗಿಲಿಲ್ಲದ ಕಪಾಟು, ಇವುಗಳ ನಡುವೆ ಹೊಟ್ಟೆ ಉಬ್ಬಿದ ಒಂದು ಕಬ್ಬಿಣದ ಗಡಿಗೆ. ಗಂಡಾಳುಗಳು ಸುತ್ತ ಸೇರಿ ನೂಕಿದರೂ ಅಲುಗದಷ್ಟು ಭಾರ. ಮೈಮೇಲೆ ಮಾಸಿದ ಹಳದಿಯಲ್ಲಿ ಮೂರು ರೆಕ್ಕೆಯ ಚಿತ್ರ. ಹುಲಿಗೆವ್ವ ಅದನ್ನು ಫ್ಯಾನಿನ ಕಂಪನಿಯ ಗುರುತು ಅಂದುಕೊಂಡಳು. ಜೊತೆಗೆ ತಗಡು ಆರಿಸುವ ರೆಹಮತ್‌ಬಿಗೂ ಹಾಗೇ ಕಂಡಿತು. ಸಾವಕಾರ ತೆಂಗಿನಕಾಯಿ ಒಡೆದು, ಹುಲಿಗೆವ್ವನ ಕೈಗೆ ಸುತ್ತಿಗೆ ಕೊಟ್ಟ. ಅವಳು ಹೊಡೆದಳು, ಆಮೇಲೆ ಉಳಿದವರು ಹೊಡೆದರು. ಹೊರಗೆ ಕಬ್ಬಿಣ, ಕಬ್ಬಿಣದೊಳಗೆ ಸೀಸ, ಸೀಸದೊಳಗೆ ಒಂದು ಕೊಳವೆ, ಕೊಳವೆಯೊಳಗೆ ಗುಲಗಂಜಿ ಗಾತ್ರದ ಬೆಳ್ಳನೆಯ ಲೋಹದ ಕಾಳು. ಕಥೆಯಲ್ಲಿ ಪೆಟ್ಟಿಗೆಯೊಳಗಿನ ಪೆಟ್ಟಿಗೆಯಲ್ಲಿ ರಾಕ್ಷಸನ ಜೀವ ಇರುತ್ತದಲ್ಲ, ಹಾಗೆ. ಕಥೆಯ ಹರಳಾಗಿದ್ದರೆ ಕತ್ತಲಲ್ಲಿ ಬೆಳಗುತ್ತಿತ್ತು. ಇದು ಬೆಳಗಲಿಲ್ಲ, ಬೆಚ್ಚಗೂ ಇರಲಿಲ್ಲ. ಅದಕ್ಕೇ ಯಾರೂ ಹೆದರಲಿಲ್ಲ.

ಸಾವಕಾರನಿಗೆ ಅದು ಪ್ಲಾಟಿನಂ ಇರಬೇಕು ಅನ್ನಿಸಿತು. ನೆಲದ ಮೇಲಿಟ್ಟರೆ ಯಾವನಾದರೂ ಹೊಡೆದುಕೊಂಡು ಹೋಗುತ್ತಾನೆ. ಗಲ್ಲಾದಲ್ಲಿಟ್ಟರೆ ಮಗ ಹೊಡೆಯುತ್ತಾನೆ. ಅಕ್ಕಸಾಲಿ ಬರುವುದು ಸಂಜೆಗೆ. ಲಕ್ಷ್ಮೀ ಕೈಯಲ್ಲಿದ್ದರೆ ಇದ್ದದ್ದು ಬೆಳೆಯುತ್ತದೆ, ಕಳೆಯುವುದಿಲ್ಲ ಎಂದು ಅವನೇ ಯೋಚಿಸಿದ.

“ಮುಷ್ಟಿ ಬಿಗದ ಹಿಡಿ. ನಾ ಹೇಳೂತನಕ ಬಿಚ್ಚಬ್ಯಾಡ. ಬಿಚ್ಚಿದಿ ಅಂದ್ರ ಸೀರಿ ಬಿಚ್ಚಿಸಿ ಹುಡುಕತೇನಿ.”

ಹುಲಿಗೆವ್ವ ಬಿಚ್ಚಲಿಲ್ಲ. ಎಡಗೈಯಿಂದ ರೊಟ್ಟಿ ತಿಂದಳು. ಎಡಗೈಯಿಂದಲೇ ತಗಡು ಆರಿಸಿದಳು. ಬೇಲಿಯ ಮರೆಗೆ ಹೋದಾಗ ರೆಹಮತ್‌ಬಿ ಅವಳ ಸೀರೆ ಎತ್ತಿ ಹಿಡಿದು, “ಮುಷ್ಟ್ಯಾಗ ಅರ್ಧ ಹುಬ್ಬಳ್ಳಿ ಐತಿ, ಸೀರಿ ಎತ್ತಾಕ ಕೈ ಇಲ್ಲ ನಮ್ಮವ್ವಗ” ಎಂದು ನಕ್ಕಳು. ಹೊತ್ತು ಮುಳುಗುವಾಗ ಅಕ್ಕಸಾಲಿ ಬಂದ, ಕಲ್ಲಿಗೆ ಉಜ್ಜಿ ನೋಡಿದ, ಯಾವ ಕೆಲಸಕ್ಕೂ ಬಾರದ್ದು ಎಂದು ಮೂಲೆಗೆ ಎಸೆದು ಹೋದ. ಅವನ ಚಹಾದ ಖರ್ಚನ್ನೂ ಸಾವಕಾರ ಹುಲಿಗೆವ್ವನ ಕೂಲಿಯಲ್ಲಿ ಮುರಿದುಕೊಂಡ.

ಕೈ ಮೊದಲು ಕೆಂಪಾಯಿತು. ಆಮೇಲೆ ಗುಳ್ಳೆ ಎದ್ದಿತು, ಒಡೆಯಿತು, ಕಪ್ಪಾಯಿತು. ದವಾಖಾನೆಯ ಡಾಕ್ಟರು ಯಾವ ಬೆಂಕಿ, ಯಾವ ಆ್ಯಸಿಡ್ಡು ಎಂದು ಕೇಳಿ ಕೇಳಿ ಸೋತು, ಕೊನೆಗೆ ಮುಷ್ಟಿಯ ಕಥೆ ಕೇಳಿದಾಗ ಎದ್ದುಹೋಗಿ ಎಲ್ಲಿಗೋ ಫೋನು ಮಾಡಿದರು. ಬಿಳಿ ಚೀಲದೊಳಗೆ ತೂರಿಕೊಂಡ ಮಂದಿ ಬಂದರು. ಅವರ ಕೈಯಲ್ಲಿ ವಿಕಿರಣ ಅಳೆಯುವ, ಟಿಕಟಿಕ ಅನ್ನುವ ಪೆಟ್ಟಿಗೆ; ಅದರ ಮೈಮೇಲೂ ಅದೇ ಮೂರು ರೆಕ್ಕೆ. ಕಾಳನ್ನು ಉದ್ದನೆಯ ಚಿಮಟಿಗೆಯಲ್ಲಿ ಹಿಡಿದು ಇನ್ನೂ ದೊಡ್ಡ ಗಡಿಗೆಯಲ್ಲಿ ಮುಚ್ಚಿದರು. ಯಾವುದಕ್ಕೂ ಇರಲಿ ಎಂದು ತಕ್ಕಡಿ ಒಯ್ದರು, ಸುತ್ತಿಗೆ ಒಯ್ದರು, ಅಂಗಳದ ಮಣ್ಣು ಕೆತ್ತಿ ಒಯ್ದರು. ಒಯ್ದದ್ದಕ್ಕೆಲ್ಲ ಸಾವಕಾರನಿಗೆ ರಸೀದಿ ಕೊಟ್ಟರು. ಕಡೆಗೆ ಪೆಟ್ಟಿಗೆಯನ್ನು ಹುಲಿಗೆವ್ವನ ಕೈಯ ಮೇಲೆ ಆಡಿಸಿದರು. ಪೆಟ್ಟಿಗೆ ಸುಮ್ಮನಿತ್ತು. ಈ ಕೈಯಲ್ಲಿ ಈಗ ಏನೂ ಇಲ್ಲ, ಇದು ಯಾರಿಗೂ ಹತ್ತುವಂಥದ್ದಲ್ಲ, ಧಾರಾಳವಾಗಿ ಮುಟ್ಟಬಹುದು ಎಂದು ಓಣಿಗೆಲ್ಲ ಕೇಳುವಂತೆ ಮೈಕಿನಲ್ಲಿ ಸಾರಿದರು. ಸಾರುವಾಗ ಕೈಗವಸು ಬಿಚ್ಚಿರಲಿಲ್ಲ. ಓಣಿಯ ಜನ ಮಾತನ್ನು ಬಿಟ್ಟು ಕೈಗವಸನ್ನು ನಂಬಿದರು.

ತೊಡೆಯ ಚರ್ಮ ತೆಗೆದು ಹಚ್ಚುವ ದೊಡ್ಡ ಆಪರೇಷನ್ ಲಗೂ ಆದರೆ ಬೆರಳು ಉಳಿದಾವು, ತಡವಾದರೆ ಮಣಿಕಟ್ಟಿನವರೆಗೆ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದರು. ವಿಮೆ ಇದೆಯೇ ಎಂದು ಕೇಳಿದರು. ಇತ್ತು. ಗುಜರಿ ವ್ಯಾಪಾರಿಗಳ ಸಂಘದವರು ಆಳುಗಳಿಗೆಲ್ಲ ವಿಮೆ ಮಾಡಿಸಿ, ಸಾವಕಾರನ ಅಧ್ಯಕ್ಷತೆಯಲ್ಲಿ ಸಭೆ ಮಾಡಿ ಫೋಟೋ ತೆಗೆಸಿದ್ದರು. ಆ ಫೋಟೋದಲ್ಲಿ ಹುಲಿಗೆವ್ವ ಬಲಗೈ ಚಾಚಿ ಕಾರ್ಡು ತೆಗೆದುಕೊಳ್ಳುತ್ತಿದ್ದಾಳೆ. ಕೈ ಚಂದ ಬಂದಿದೆ.

ಸಳಿಯ ತುದಿಯ ಕಾಗದ ಹಿಡಿದುಕೊಂಡು ಹುಲಿಗೆವ್ವ, ರೆಹಮತ್‌ಬಿ ಇಬ್ಬರೂ ಧಾರವಾಡದ ಕಡೆಗೆ ಓಡುವ ಚಿಗರಿ ಬಸ್ಸು ಹತ್ತಿ ನವನಗರದ ವಿಮಾ ಕಚೇರಿಗೆ ಹೊರಟರು. ಕೈಯ ಸುದ್ದಿ ಪೇಪರಿನಲ್ಲಿ ಚಿತ್ರ ಸಮೇತ ಬಂದಿತ್ತು. ಅರಿವೆ ಸುತ್ತಿದ ಕೈ ಕಂಡದ್ದೇ ತಡ, ಸುತ್ತಲಿನ ಸೀಟುಗಳು ಒಂದೊಂದಾಗಿ ಖಾಲಿಯಾದವು. ನಿಲ್ಲಲು ಜಾಗ ಸಿಗದ ಬಸ್ಸಿನಲ್ಲಿ ರೆಹಮತ್‌ಬಿ ಕಾಲು ಚಾಚಿ ಕುಳಿತು, “ಮಂತ್ರಿ ಬಂದ್ರೂ ಇಷ್ಟ ಜಾಗಾ ಬಿಡೂದಿಲ್ಲ ಇವರು. ದಿನಾ ಬರೂಣಲ್ಲ ಹುಲಿಗಿ” ಎಂದಳು.

ವಿಮಾ ಕಂಪನಿಯ ಸಾಹೇಬ ವಿಜಯೀಂದ್ರ ಧಾರವಾಡದ ಮನುಷ್ಯ. ಮಾತು ಬೆಣ್ಣೆ. ಬೈಗುಳ ಅವನ ಮನೆತನದಲ್ಲೇ ಇರಲಿಲ್ಲ. ಬರ್ರಿ, ಕೂಡ್ರಿ ಎಂದು ಕುರ್ಚಿ ತೋರಿಸಿದ. ಅವಳು ಕೂಡುವ ಮೊದಲು ಜವಾನ ಓಡಿಬಂದು ಕುರ್ಚಿಯ ಮೇಲೆ ಪೇಪರು ಹಾಸಿದ. ಅದೇ ಪೇಪರು. ಹುಲಿಗೆವ್ವ ತನ್ನ ಕೈಯ ಚಿತ್ರದ ಮೇಲೆ ತಾನೇ ಕುಳಿತಳು.

ವಿಜಯೀಂದ್ರ ಕಾಗದವನ್ನು ಪೆನ್ನಿನ ತುದಿಯಿಂದ ತಿರುವಿ ತಿರುವಿ ಓದಿದ. ಓದಿ ನಿಜವಾಗಿ ಮರುಗಿದ.

“ಹಾವು ಕಡದಿದ್ರ ಇವತ್ತ ಮಂಜೂರ ಮಾಡ್ತಿದ್ದೆ ನೋಡ್ರಿ. ಗ್ವಾಡಿ ಬಿದ್ದಿದ್ರ, ಸಿಡ್ಲು ಬಡದಿದ್ರ, ಹೋಗ್ಲಿ, ಎಮ್ಮಿ ಹಾಯ್ದಿದ್ರೂ ಏನಾರ ಮಾಡಬಹುದಿತ್ತು. ಅಣು ಅಂದ್ರ ಮಾತ್ರ ಬರೂದಿಲ್ಲ. ಅದನ್ನ ಹೊರಗಿಟ್ಟಾರ.”

ಈಗ ಎಮ್ಮೆ ಹಾಯಿಸಿಕೊಂಡು ಬಂದರೆ ನಡೆಯುತ್ತದೆಯೇ ಎಂದು ರೆಹಮತ್‌ಬಿ ಕೇಳಿದಳು. ವಿಜಯೀಂದ್ರ ನಗಲಿಲ್ಲ. ಕಣ್ಣು ಮುಚ್ಚಿ ಯೋಚಿಸಿ, ಎಮ್ಮೆ ಹಾಯುವ ಮೊದಲೇ ಕೈ ಹೋಗಿತ್ತೆಂದು ಆಗುತ್ತದೆ, ಆದ್ದರಿಂದ ಎಮ್ಮೆಯ ಮೇಲೆ ಹೊಣೆ ಹೊರಿಸಲು ಬರುವುದಿಲ್ಲ ಎಂದ. ಬೇರೆ ಯಾವ ಕಂಪನಿಯಾದರೂ ಕೊಟ್ಟೀತೇ ಎಂದು ಹುಲಿಗೆವ್ವ ಕೇಳಿದಳು. ಯಾವುದೂ ಕೊಡುವುದಿಲ್ಲ. ಮನೆಯ ವಿಮೆ, ಗಾಡಿಯ ವಿಮೆ, ಆಳಿನ ವಿಮೆ, ಯಾವುದರ ಹಿಂದೆ ನೋಡಿದರೂ ಅಣುವನ್ನು ಹೊರಗಿಡುವ ಒಂದು ಸಾಲು ಇರುತ್ತದೆ. ಲಂಡನ್ನಿನಲ್ಲೂ ಅದೇ, ನವನಗರದಲ್ಲೂ ಅದೇ. “ಜಗತ್ತಿನಾಗ ಇಷ್ಟ ಒಗ್ಗಟ್ಟು ಬ್ಯಾರೆ ಯಾವುದರಾಗೂ ಇಲ್ರಿ” ಎನ್ನುವಾಗ ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು.

“ಹಂಗಾರ ಇಂಥಾದ್ದ ಆದ್ರ ಬ್ಯಾರೆ ದೇಶದಾಗ ಯಾರ ಕೊಡ್ತಾರ್ರಿ?” ಎಂದಳು ಹುಲಿಗೆವ್ವ.

ವಿಜಯೀಂದ್ರನ ಕಣ್ಣು ಬೆಳಗಿದವು. ವರ್ಷಗಟ್ಟಲೆ ಅವನು ಓದಿದ್ದು ಅದನ್ನೇ. ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ, ಮನೆಯಲ್ಲಿ ಹೆಂಡತಿಯೂ ಕೇಳಿರಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಳ್ಳಲು ಹೋಗಿ, ಕೈಯ ನೆನಪಾಗಿ ಹಿಂದಕ್ಕೆ ಸರಿಸಿಕೊಂಡು ಶುರುಮಾಡಿದ. ಜಪಾನ್ ಎಂಬೊಂದು ದೇಶ. ಅಲ್ಲಿ ಅಣುಸ್ಥಾವರ ನಡೆಸುವವನ ಹೊಣೆಗೆ ಮಿತಿಯೇ ಇಲ್ಲ, ಎಷ್ಟು ಹಾನಿಯೋ ಅಷ್ಟನ್ನೂ ತುಂಬಬೇಕು. ಅಜ್ಜಿಯ ಕಥೆಗೆ ಹೂಂಗುಟ್ಟುವ ರೂಢಿಯಿಂದ ರೆಹಮತ್‌ಬಿ “ಹೂಂ” ಎಂದಳು. ಜರ್ಮನಿಯಲ್ಲೂ ಮಿತಿಯಿಲ್ಲ. ಹೂಂ. ಅಮೆರಿಕದಲ್ಲಿ ಸ್ಥಾವರದವರೆಲ್ಲ ಕೂಡಿ ಒಂದೇ ಹುಂಡಿ ಕಟ್ಟಿರುತ್ತಾರೆ. ಒಬ್ಬನ ಮನೆಗೆ ಕಿಚ್ಚು ಬಿದ್ದರೆ ಎಲ್ಲರೂ ಅದಕ್ಕೆ ಹಾಕಬೇಕು. ಹೂಂ. ಫ್ರಾನ್ಸಿನಲ್ಲಿ ಮಿತಿ ಉಂಟು. ಮಿತಿ ದಾಟಿದರೆ ಸರ್ಕಾರ, ಸರ್ಕಾರಕ್ಕೂ ಸಾಲದಿದ್ದರೆ ನೆರೆಯ ದೇಶಗಳು. ಹೂಂ. ನಮ್ಮಲ್ಲೂ ಕಾನೂನುಂಟು, ಮಿತಿಯೂ ಉಂಟು.

ಹುಲಿಗೆವ್ವನಿಗೆ ಕೈಯ ಉರಿಯ ನಡುವೆಯೂ ಜೊಂಪು ಹತ್ತಿದಂತಾಯಿತು. ಏಳು ಸಮುದ್ರದಾಚೆ ಏಳು ರಾಜರು ಸಾಲಾಗಿ ಕುಳಿತಿದ್ದಾರೆ. ಒಬ್ಬೊಬ್ಬನ ತೊಡೆಯ ಮೇಲೂ ಒಂದೊಂದು ಹಣದ ಥೈಲಿ. ಸುಟ್ಟ ಕೈಯವಳೊಬ್ಬಳು ಬಾಗಿಲಿಗೆ ಬಂದರೆ ಎಲ್ಲರೂ ಎದ್ದು ನಿಲ್ಲುತ್ತಾರೆ.

“ಈ ಏಳ ರಾಜರಾಗ ನನಗ ಯಾವ ರಾಜಾ ಬರ್ತಾನ್ರಿ ಸಾಹೇಬ್ರ?”

ಯಾರೂ ಬರುವುದಿಲ್ಲ ಎಂದ ವಿಜಯೀಂದ್ರ, ಬಹಳ ಮೆತ್ತಗೆ. ಈ ಕಾನೂನುಗಳೆಲ್ಲ ಸ್ಥಾವರಕ್ಕೆ. ಗುಜರಿ ಅಂಗಡಿ ಸ್ಥಾವರವಲ್ಲ. ಸ್ಥಾವರದ ಬೇಲಿಯ ಹತ್ತಿರ ಹೋಗಿ ಸುಟ್ಟುಕೊಂಡಿದ್ದರೆ ಮಾತೇ ಬೇರೆ ಇತ್ತು. ಹಾಗಂತ ಆ ಕಾನೂನಿನ ತಿರುಳು ಚಂದ ಉಂಟು, ಬಹುತೇಕ ಎಲ್ಲ ದೇಶಕ್ಕೂ ಒಂದೇ: ಮಾಡಿದವನು, ಮಾರಿದವನು, ಸಾಗಿಸಿದವನು ಎಂದು ಊರೆಲ್ಲ ಅಲೆಯುವ ಹಾಗಿಲ್ಲ, ಹೊಣೆಯನ್ನೆಲ್ಲ ಒಬ್ಬನ ತಲೆಗೇ ಕಟ್ಟಬೇಕು, ಯಾರ ವಶದಲ್ಲಿತ್ತೋ ಅವನ ತಲೆಗೆ. ಇಷ್ಟು ಹೇಳಿ, ಅರ್ಜಿಯ ಕೊನೆಯ ಖಾನೆ ತುಂಬಲು ಪೆನ್ನು ಎತ್ತಿದ.

“ಅಂದಹಾಂಗ, ಆ ಹೊತ್ತಿನಾಗ ಅದು ಯಾರ ಕೈಯಾಗಿತ್ರಿ?”

ಸಾಲಿಯ ಹುಡುಗಿಯ ಹಾಗೆ ಹುಲಿಗೆವ್ವ ಬಲಗೈ ಎತ್ತಿದಳು.

ಅವರು ಹುಬ್ಬಳ್ಳಿ ಮುಟ್ಟುವ ಮೊದಲೇ ಆ ಮಾತು ವಿಮಾ ಕಚೇರಿಯಿಂದ ಫೋನಿನಲ್ಲಿ ಸಾವಕಾರನನ್ನು ಮುಟ್ಟಿತ್ತು. ದ್ಯಾಮವ್ವನ ಗುಡಿಯ ಕಟ್ಟೆಯ ಮೇಲೆ ನಿಂತು ಅವನು ಓಣಿಗೆ ಕಾನೂನು ಹೇಳುತ್ತಿದ್ದ. ಹೊಡೆದವಳು ಅವಳು, ಹಿಡಿದವಳು ಅವಳು. ವಶ ಅವಳದು, ಹೊಣೆ ಅವಳದು. ಇದು ತನ್ನ ಮಾತಲ್ಲ, ಜಪಾನಿನಲ್ಲೂ ಹೀಗೇ ಇದೆಯಂತೆ.

“ನನ್ನ ತಕ್ಕಡಿ, ನನ್ನ ಸುತ್ತಗಿ, ಅಷ್ಟ ದಿನಾ ಬಾಗಲಾ ಹಾಕಿದ ಅಂಗಡಿ, ಎಲ್ಲಾ ಈ ರಂಡೀನ ತುಂಬಿ ಕೊಡಬೇಕು. ನಿಮ್ಮದೇನರ ಹಾಳಾಗಿದ್ರ ನೀವೂ ಕೇಳ್ರಿ. ಇಂಥಾ ಹೊತ್ತ ಮತ್ತ ಬರೂದಿಲ್ಲ.”

ಓಣಿಯ ಜನ ಕೆಟ್ಟವರಲ್ಲ. ಆದರೆ ಅವರ ಬದುಕಿನಲ್ಲಿ ಏನೇ ಹಾಳಾದರೂ ಅದಕ್ಕೆ ಹೊಣೆ ಯಾರೆಂದು ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಈಗ ಒಬ್ಬಳು ಸಿಕ್ಕಿದ್ದಳು, ಅದೂ ಮೂರು ಮನೆ ಆಚೆ. ಚಹಾದಂಗಡಿಯ ಮಲ್ಲಿಕಸಾಬ ತನ್ನ ಗಿರಾಕಿ ಕಡಿಮೆಯಾದದ್ದನ್ನು ಹೇಳಿ ತಲೆ ತಗ್ಗಿಸಿದ. ಒಬ್ಬಳ ಆಡು ಸತ್ತಿತ್ತು. ಅದರ ಹೊಟ್ಟೆಯಲ್ಲಿ ಸಿಕ್ಕ ಪ್ಲಾಸ್ಟಿಕ್ ಚೀಲಗಳ ಮಾತನ್ನು ಅವಳು ಎತ್ತಲಿಲ್ಲ. ಒಬ್ಬನ ಮಗಳು ಗಣಿತದಲ್ಲಿ ನಪಾಸಾಗಿದ್ದಳು. ಇನ್ನೊಬ್ಬನ ಹೆಂಡತಿ ತವರಿಗೆ ಹೋಗಿದ್ದಳು, ಆ ಕಬ್ಬಿಣದ ಗಡಿಗೆ ಬರುವ ಮೊದಲೇ ಹೋಗಿದ್ದಳು, ಆದರೂ ಕೇಳಿ ನೋಡೋಣ ಎಂದು ಅವನು ಬಂದಿದ್ದ. ನಳಕ್ಕೆ ನೀರು ಬಾರದ್ದೂ ಹುಲಿಗೆವ್ವನ ಲೆಕ್ಕಕ್ಕೆ ಬಿತ್ತು, ಹುಬ್ಬಳ್ಳಿಯಲ್ಲಿ ನಳ ಒಣಗಲು ಅಣುವೇ ಬೇಕು ಅನ್ನುವ ಹಾಗೆ.

ಹುಲಿಗೆವ್ವ ಹೊಸ್ತಿಲಲ್ಲಿ ಕುಳಿತು ಒಬ್ಬೊಬ್ಬರದನ್ನೂ ಕೇಳಿಸಿಕೊಂಡಳು. ರೆಹಮತ್‌ಬಿ ಬರಿಗೈಯಿಂದ ಅವಳ ಕೈಯ ಅರಿವೆ ಬಿಚ್ಚಿ, ಕೀವು ಒರೆಸಿ, ಹೊಸ ಅರಿವೆ ಸುತ್ತುತ್ತಿದ್ದಳು. ಆ ಕೈಯನ್ನು ಮುಟ್ಟುವ ಕೈ ಊರಲ್ಲಿ ಅದೊಂದೇ.

“ನೋಡಿದೇನ ಹುಲಿಗಿ,” ಎಂದಳು ರೆಹಮತ್‌ಬಿ, “ಏಳ ರಾಜರನ್ನ ಹುಡುಕ್ಕೊಂತ ಹೋಗಿ ನೀನ ಎಂಟನೇದಾಕಿ ಆಗಿ ಬಂದಿ. ನಿನಗಂತೂ ಮಿತಿನೂ ಇಟ್ಟಿಲ್ಲ ಸೂಳೇಮಕ್ಕಳು.”

ಹುಲಿಗೆವ್ವ ನಕ್ಕಳು. ಕೈ ಸುಟ್ಟ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಕ್ಕರೆ ಬೆರಳಿನ ಬುಡದವರೆಗೆ ಉರಿ ಏರುತ್ತಿತ್ತು, ಆದರೂ ನಿಲ್ಲಿಸಲಿಲ್ಲ. ನಗು ಇಳಿದ ಮೇಲೆ, ಎಲ್ಲರೂ ಇದು ನಿಂದು ಅನ್ನುವುದಾದರೆ ನಂದೇ ಇರಲಿ ಎಂದಳು. ಅದರ ಅರ್ಥ ರೆಹಮತ್‌ಬಿಗೆ ಆಗ ಆಗಲಿಲ್ಲ.

ಡಾಕ್ಟರು ಇನ್ನು ಕಾಯಲಾಗದು ಎಂದ ವಾರವೇ ಗುಜರಿ ಓಣಿಯಲ್ಲಿ ಸಂಘದ ಫ್ಲೆಕ್ಸು ಏರಿತು. ವಿಮಾ ಕಂಪನಿಯ ಹೊಸ ಶಾಖೆ ಧಾರವಾಡದಲ್ಲಿ ತೆರೆಯುತ್ತದೆ, ಮುಖ್ಯ ಅತಿಥಿ ಶಿವಯೋಗೀಶ ಸಾವಕಾರ, ವಿಜಯೀಂದ್ರ ಅವರಿಂದ ನಾನಾ ದೇಶಗಳ ಅಣು ಅವಘಡ ಪರಿಹಾರದ ಮೇಲೆ ವಿಶೇಷ ಉಪನ್ಯಾಸ, ಸರ್ವರಿಗೂ ಸ್ವಾಗತ. ಹುಲಿಗೆವ್ವ ಫ್ಲೆಕ್ಸಿನ ಮುಂದೆ ನಿಂತು, ಸರ್ವರಿಗೂ ಅಂದರೆ ಯಾರಿಗೆ ಎಂದು ಮಲ್ಲಿಕಸಾಬನನ್ನು ಕೇಳಿದಳು. ಎಲ್ಲರಿಗೂ ಎಂದ ಅವನು.

ಅವಳು ಮದುವೆಯ ಇಳಕಲ್ ಸೀರೆ ಉಟ್ಟು ಹೋದಳು. ಬಾಗಿಲಲ್ಲಿ ರೆಹಮತ್‌ಬಿಗೆ ಹೇಳಿ ಕೈಯ ಅರಿವೆ ಬಿಚ್ಚಿಸಿದಳು. ಒಳಗೆ ಹೊಸ ಬಣ್ಣದ ವಾಸನೆ, ಪೇಢೆಯ ಡಬ್ಬಿಗಳು, ತುಂಬಿದ ಕುರ್ಚಿಗಳು. ವಿಜಯೀಂದ್ರ ಏಳು ಸಮುದ್ರ ಸುತ್ತಿ ಬಂದು, ಜನರ ಮೂಢನಂಬಿಕೆಯ ಹತ್ತಿರ ನಿಂತಿದ್ದ. ವಿಕಿರಣದಿಂದ ಸುಟ್ಟವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ, ಅವರನ್ನು ದೂರ ಇಡುವುದು ಅನಾಗರಿಕ ಎಂದು ಅವನು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ನಡುವೆಯೇ ಹುಲಿಗೆವ್ವ ನಡುದಾರಿಯಲ್ಲಿ ನಡೆದುಬಂದು ಅವನ ಎದುರಿಗೆ ನಿಂತಳು. ಚಪ್ಪಾಳೆ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಒಂದೊಂದಾಗಿ ಸತ್ತಿತು.

“ಹೊಸಾ ಅಂಗಡಿ. ಬೋಣಿ ಮಾಡಾಕ ಬಂದೇನ್ರಿ ಸಾಹೇಬ್ರ” ಎಂದು ಬಲಗೈ ಮುಂದೆ ಚಾಚಿದಳು.

ವಿಜಯೀಂದ್ರ ಆ ಕೈ ನೋಡಿದ. ಅವನ ಬಲಗೈ ತುಸು ಮೇಲೆದ್ದಿತು, ನಡುವೆಯೇ ಹಾದಿ ಬದಲಿಸಿತು, ಎಡಗೈಯನ್ನು ಕೂಡಿಕೊಂಡಿತು. ಅವನು ನಮಸ್ಕಾರ ಮಾಡಿದ. ಅವನನ್ನು ನೋಡಿ ಮುಂದಿನ ಸಾಲು ಎದ್ದು ಕೈಮುಗಿಯಿತು, ಆಮೇಲೆ ಇಡೀ ಸಭೆ. ಮೈದುಂಬಿ ಬಂದ ದೇವತೆಯ ಎದುರು ನಿಂತಂತೆ ಅಷ್ಟೂ ಮಂದಿ ಕೈಗಳನ್ನು ಎದೆಗೆ ಅಂಟಿಸಿಕೊಂಡು ನಿಂತರು. ಒಂದು ಕೈಯೂ ಅವಳತ್ತ ಬರಲಿಲ್ಲ.

ಹುಲಿಗೆವ್ವ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಆಮೇಲೆ ಮೈಕು ಮುಟ್ಟಿದಳು. ಹಾರ ಮುಟ್ಟಿದಳು. ಪೇಢೆಯ ಡಬ್ಬಿಗಳ ಮೇಲೆ ಒಂದೊಂದಾಗಿ ಕೈಯಾಡಿಸಿದಳು. ಮುಂದಿನ ಸಾಲಿನ ಕುರ್ಚಿಯ ಬೆನ್ನುಗಳನ್ನು ಮುಟ್ಟುತ್ತ ಬರುವಾಗ, ಕೈಮುಗಿದವರೆಲ್ಲ ಕೈಮುಗಿದುಕೊಂಡೇ ಓಡಿದರು. ಬಾಗಿಲಲ್ಲಿ ನೂಕಾಟವಾಯಿತು. ಎಲ್ಲರಿಗಿಂತ ಮೊದಲು ಹೊರಬಿದ್ದವನು ಮುಖ್ಯ ಅತಿಥಿ. ಸಭೆ ಬರಿದಾದ ಮೇಲೆ ಅವಳು ಮ್ಯಾನೇಜರನ ಗಾಜಿನ ಕೋಣೆಗೆ ಹೋಗಿ, ಪ್ಲಾಸ್ಟಿಕ್ ಹಾಳೆಯನ್ನೂ ಬಿಚ್ಚದ ಹೊಸ ತಿರುಗುವ ಕುರ್ಚಿಯಲ್ಲಿ ಕುಳಿತಳು. ಕೈಯನ್ನು ಮೇಜಿನ ಮೇಲಿಟ್ಟಳು.

ಪೊಲೀಸರು ಬಂದರು. ಹೆಂಗಸು ಪೊಲೀಸರು ಕೈಗವಸು ಕೇಳಿದರು. ಇನ್ಸ್‌ಪೆಕ್ಟರು ಬಿಳಿ ಚೀಲದ ಮಂದಿಗೆ ಫೋನು ಹಚ್ಚಿದ. ಅವಳಲ್ಲಿ ಏನೂ ಇಲ್ಲ, ಕೈ ಹಿಡಿದು ಹೊರಗೆ ಕರೆದುಕೊಂಡು ಬನ್ನಿ ಎಂದು ಅವರು ಹೇಳಿದ್ದು ಬಾಗಿಲಲ್ಲಿ ನಿಂತವರಿಗೆಲ್ಲ ಕೇಳಿಸಿತು. ಬಾಗಿಲಲ್ಲಿ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು.

ಏನು ಬೇಕು ಎಂದು ಇನ್ಸ್‌ಪೆಕ್ಟರು ದೂರದಿಂದ ಕೇಳಿದ. ಕೈಯ ಆಪರೇಷನ್ ಆಗಬೇಕು ಎಂದಳು. ಅದು ಯಾರ ಹೊಣೆ ಎಂದು ಅವನು ವಿಜಯೀಂದ್ರನತ್ತ ತಿರುಗಿದ. ವಿಜಯೀಂದ್ರ ಅದೇಕೋ ಈ ಬಾರಿ ಜಪಾನಿನಿಂದ ಶುರುಮಾಡದೆ ಸಾವಕಾರನತ್ತ ತಿರುಗಿದ.

“ಏ ಹಾದರಗಿತ್ತಿ, ಸುಮ್ಮನ ಹೊರಗ ಬಾ,” ಎಂದ ಸಾವಕಾರ ಗಾಜಿನಾಚೆಯಿಂದ.

ಹುಲಿಗೆವ್ವ ಅವನನ್ನು ನೋಡುತ್ತ ಬಲಗೈಯ ಬೆರಳುಗಳನ್ನು ಮಡಚತೊಡಗಿದಳು. ಕೆಲವು ಮಡಚಿದವು, ಕೆಲವು ಮಾತು ಕೇಳಲಿಲ್ಲ. ಕೇಳದವನ್ನು ಎಡಗೈಯಿಂದ ಒತ್ತಿ ಮಡಚಿದಳು. ಕಣ್ಣಲ್ಲಿ ನೀರು ತುಂಬಿ ಬಂತು, ಆದರೆ ಮುಷ್ಟಿ ಆಯಿತು. ಅದನ್ನು ಹೊಸ ಪಾಲಿಸಿಯ ಕಾಗದಗಳ ಮೇಲೆ ಊರಿ ಕುಳಿತಳು.

“ಮುಷ್ಟ್ಯಾಗ ಏನೈತಿ?” ಇನ್ಸ್‌ಪೆಕ್ಟರು ಒಂದು ಹೆಜ್ಜೆ ಹಿಂದಿಟ್ಟ.

ಸಾವಕಾರನಿಗೆ ಆ ಮಂಗಳವಾರ ನೆನಪಾಯಿತು. ಹರಾಜಿನ ಲಾರಿ, ಕೊಳವೆ, ಗುಲಗಂಜಿಯಂಥ ಕಾಳು. ಒಂದೇ ಇತ್ತೇ, ಇನ್ನೊಂದಿತ್ತೇ, ಅವನು ನೋಡಿರಲಿಲ್ಲ. “ಬಿಚ್ಚ” ಎಂದ. “ಮುಷ್ಟಿ ಬಿಚ್ಚ ಬೇ.”

“ಬಿಚ್ಚಬ್ಯಾಡ ಅಂದಿದ್ರೆಲ್ಲಾ ಸಾವಕಾರ್ರ. ಈಗ ನೀವ ಬಂದ ಬಿಚ್ಚ್ರಿ.”

ಯಾರೂ ಬರಲಿಲ್ಲ. ಸಾವಕಾರ ಮೆಟ್ಟಿಲಿಳಿದ, ಪೊಲೀಸರು ಮೆಟ್ಟಿಲಿಳಿದರು, ಗುಂಪು ರಸ್ತೆಯ ಆಚೆಗೆ ಸರಿಯಿತು, ಅಲ್ಲಿಂದ ಇನ್ನೂ ಆಚೆಗೆ. ವಿಜಯೀಂದ್ರ ಎಲ್ಲರ ಹಿಂದೆ, ಇನ್ನೂ ಕೈಮುಗಿದುಕೊಂಡೇ ಇದ್ದ.

ರೆಹಮತ್‌ಬಿ ಒಳಗೆ ಬಂದು ಸೆರಗಿನ ಗಂಟಿನಿಂದ ರೊಟ್ಟಿ ತೆಗೆದು ಮೇಜಿನ ಮೇಲಿಟ್ಟಳು. ಸೆಕೆ ಎಂದು ಗೋಡೆಯ ಗುಂಡಿ ಒತ್ತಿದಳು. ತಲೆಯ ಮೇಲೆ ಮೂರು ರೆಕ್ಕೆ ತಿರುಗಿದವು. ಕೋಣೆಯ ಕಾಗದಗಳೆಲ್ಲ ಎದ್ದು ಹಾರಾಡಿದವು, ಮುಷ್ಟಿಯ ಕೆಳಗಿನವು ಮಾತ್ರ ಅಲುಗಲಿಲ್ಲ. ಹುಲಿಗೆವ್ವ ಎಡಗೈಯಿಂದ ರೊಟ್ಟಿ ಮುರಿದಳು.